ಆ ದಿನ ಮಾಡೆಲ್‌ಗೆ ಏನು ಗೊತ್ತಿತ್ತು?

ಪ್ರಶ್ನೆ: ಸರ್, ನಾನು ಎಂಟು ವರ್ಷ ಇಂಟರ್ನಲ್ ಆಡಿಟ್‌ನಲ್ಲಿ ಕೆಲಸ ಮಾಡಿದವಳು. ಎರಡು ತಿಂಗಳ ಹಿಂದೆ ಮಾಡೆಲ್ ವ್ಯಾಲಿಡೇಶನ್ ತಂಡಕ್ಕೆ, ಅಂದರೆ ಬೇರೆಯವರು ಕಟ್ಟಿದ ಲೆಕ್ಕದ ಮಾಡೆಲ್‌ಗಳನ್ನು ಪರೀಕ್ಷಿಸುವ ತಂಡಕ್ಕೆ ಹಾಕಿದ್ದಾರೆ. ಯಾರು ಸಾಲ ಕಟ್ಟದೆ ಸುಸ್ತಿಯಾಗುತ್ತಾರೆ ಎಂದು ಅರ್ಜಿ ಹಾಕಿದಾಗಲೇ ಹೇಳುವ ಮಾಡೆಲ್ ಒಂದನ್ನು ಪರಿಶೀಲಿಸುವುದು ನನ್ನ ಮೊದಲ ಕೆಲಸ. ಅದು ಮುಗಿದ ಮೇಲೆ ಅನುಮಾನದ ವಹಿವಾಟು ಹಿಡಿಯುವ ಮಾಡೆಲ್ ಕಾದಿದೆ. ಮೊದಲನೆಯದರ ಎಯುಸಿ 0.94 ಇದೆ. "ಇಷ್ಟು ಚೆನ್ನಾಗಿರುವಾಗ ಇನ್ನೇನು ನೋಡುತ್ತೀರಿ?" ಎಂದು ಮಾಡೆಲ್ ಕಟ್ಟಿದವರು ಕೇಳುತ್ತಾರೆ. ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್ ನನಗೆ ಅಷ್ಟಕ್ಕಷ್ಟೇ. ಎಲ್ಲಿಂದ ಶುರು ಮಾಡಲಿ? ರಿಪೋರ್ಟಿನಲ್ಲಿ ಏನಿರಬೇಕು?

ಉತ್ತರ: ಮೊದಲು ಆ 0.94ರ ವಿಷಯ ಮಾತಾಡೋಣ. ಕಟ್ಟಿದವರಿಗೆ ಅದು ಖುಷಿ ಕೊಟ್ಟಿದೆ. ನನಗೆ ಮಾತ್ರ ಅದನ್ನು ಓದಿದ ಕೂಡಲೇ ಕಸಿವಿಸಿ ಶುರುವಾಯಿತು.

ಎಯುಸಿ ಅಂದರೆ ಏನು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಸಾಲ ಸರಿಯಾಗಿ ಕಟ್ಟಿದ ಒಬ್ಬರನ್ನು, ಸುಸ್ತಿಯಾದ ಒಬ್ಬರನ್ನು ಕಣ್ಣುಮುಚ್ಚಿ ಆರಿಸುತ್ತೀರಿ. ಈ ಇಬ್ಬರಲ್ಲಿ ಸುಸ್ತಿಯಾದವರಿಗೇ ಮಾಡೆಲ್ ಜಾಸ್ತಿ ಅಪಾಯದ ಸ್ಕೋರ್ ಕೊಟ್ಟಿರುವ ಸಾಧ್ಯತೆ ಎಷ್ಟು? ಅದೇ ಎಯುಸಿ. ಸುಮ್ನೆ ನಾಣ್ಯ ಚಿಮ್ಮಿ ಹೇಳಿದರೂ 0.5 ಬರುತ್ತದೆ. 0.94 ಅಂದರೆ ನೂರು ಜೋಡಿಯಲ್ಲಿ 94 ಸಲ ಸರಿ. ಅರ್ಜಿ ಹಾಕಿದ ದಿನ ಕೈಯಲ್ಲಿರುವುದು ಒಂದು ಫಾರಂ, ಹಳೆಯ ಸಾಲಗಳ ಲೆಕ್ಕ, ಅಷ್ಟೇ. ಮುಂದಿನ ಒಂದು ವರ್ಷದಲ್ಲಿ ಯಾರ ಕೆಲಸ ಹೋಗುತ್ತದೆ, ಯಾರ ಮನೆಯಲ್ಲಿ ಯಾರು ಕಾಯಿಲೆ ಬೀಳುತ್ತಾರೆ ಎಂಬುದು ಅದರಲ್ಲಿ ಬರೆದಿರುವುದಿಲ್ಲ. ನಾನು ನೋಡಿದ ಇಂಥ ಮಾಡೆಲ್‌ಗಳಲ್ಲಿ ಹೆಚ್ಚಿನವು 0.70ರಿಂದ 0.80ರ ಆಸುಪಾಸಿನಲ್ಲೇ ಇದ್ದವು. ಸಾಲ ಕೊಟ್ಟ ಮೇಲೆ ತಿಂಗಳು ತಿಂಗಳು ಸ್ಕೋರ್ ಹಾಕುವ ಮಾಡೆಲ್ ಆದರೆ ಮಾತು ಬೇರೆ. ಈಗಾಗಲೇ ಒಂದು ಕಂತು ತಪ್ಪಿಸಿದವರನ್ನು ಗುರುತಿಸುವುದು ಕಷ್ಟವಲ್ಲ, ಅಲ್ಲಿ ಅಂಕಿ ಮೇಲೆ ಹೋಗುವುದು ಸಹಜ. ನಿಮ್ಮದು ಅರ್ಜಿಯ ಹಂತದ್ದು ಎಂದು ಬರೆದಿದ್ದೀರಿ. ಹಾಗಿದ್ದರೆ ಎಲ್ಲೋ ಉತ್ತರ ಪತ್ರಿಕೆ ಸೋರಿದೆ ಎಂದು ಅಂದುಕೊಂಡೇ ಹುಡುಕಿ.

ನನಗೂ ಒಮ್ಮೆ 0.93ರ ಮಾಡೆಲ್ ಬಂದಿತ್ತು. ಸಂಸ್ಥೆ ಯಾವುದೆಂದು ಬೇಡ. ಅದರಲ್ಲಿ ಅತಿ ಹೆಚ್ಚು ತೂಕ ಪಡೆದಿದ್ದ ಕಾಲಂ, ಗ್ರಾಹಕರ ಫೋನ್ ನಂಬರ್‌ಗಳ ಸಂಖ್ಯೆ. ಒಂದೇ ನಂಬರ್ ಇದ್ದವರು ಸರಿಯಾಗಿ ಕಟ್ಟುತ್ತಿದ್ದರು. ಮೂರು, ನಾಲ್ಕು ಇದ್ದವರು ಸುಸ್ತಿ. ಮಾಡೆಲ್ ಕಟ್ಟಿದ ಹುಡುಗ ಇದಕ್ಕೆ ಚಂದದ ವಿವರಣೆಯನ್ನೂ ಕೊಟ್ಟ: ಪದೇ ಪದೇ ನಂಬರ್ ಬದಲಿಸುವವರ ಬದುಕು ಅಷ್ಟು ನೆಲೆ ನಿಂತಿರುವುದಿಲ್ಲ ಸರ್. ಕೇಳಲು ಸರಿಯಾಗೇ ಇತ್ತು. ಆದರೆ ಅರ್ಜಿ ಫಾರಂ ತೆಗೆದು ನೋಡಿದೆ. ಅದರಲ್ಲಿ ಫೋನ್ ನಂಬರ್ ಬರೆಯಲು ಇದ್ದದ್ದು ಒಂದೇ ಜಾಗ! ಹಾಗಾದರೆ ಉಳಿದ ನಂಬರ್‌ಗಳು ಎಲ್ಲಿಂದ ಬಂದವು?

ಇಪ್ಪತ್ತು ಗ್ರಾಹಕರ ಸಾಲುಗಳನ್ನು ಪ್ರಿಂಟ್ ತೆಗೆದೆ. ಪ್ರತಿ ನಂಬರ್ ಸಿಸ್ಟಮ್‌ಗೆ ಸೇರಿದ ದಿನಾಂಕವನ್ನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡೆ. ಎರಡನೇ ನಂಬರ್ ಸೇರಿದ್ದು ಬಹುತೇಕ ಎಲ್ಲ ಕಡೆ ಮೊದಲ ಕಂತು ತಪ್ಪಿದ ಮೇಲೆ. ಕಂತು ಬರದಿದ್ದಾಗ ವಸೂಲಿ ತಂಡದವರು ಮನೆಯವರದ್ದು, ಕೆಲಸದ ಜಾಗದ್ದು ಅಂತ ಹುಡುಕಿ ಹುಡುಕಿ ನಂಬರ್ ಸೇರಿಸುತ್ತಿದ್ದರು. ಮಾಡೆಲ್ ಕಲಿತದ್ದು ಅದನ್ನೇ. ಸುಸ್ತಿಯಾದವರನ್ನು ನೋಡಿ, ಇವರು ಸುಸ್ತಿಯಾಗುತ್ತಾರೆ ಎಂದು ಹೇಳುತ್ತಿತ್ತು. ಆ ಕಾಲಂ ತೆಗೆದು ಮತ್ತೆ ಓಡಿಸಿದಾಗ ಎಯುಸಿ 0.77ಕ್ಕೆ ಇಳಿಯಿತು.

ಇದರಲ್ಲಿ ಪೈಥಾನ್ ಎಷ್ಟು ಬೇಕಾಯಿತು ನೋಡಿ. ನೀವು ಆಡಿಟ್‌ನಲ್ಲಿ ವೌಚಿಂಗ್ ಮಾಡಿದವರು. ಲೆಕ್ಕದಲ್ಲಿರುವ ಒಂದು ಅಂಕಿಯನ್ನು ಹಿಡಿದು ಮೂಲ ಚೀಟಿಯವರೆಗೆ ಹೋಗುವುದು ನಿಮಗೆ ಅಭ್ಯಾಸ. ಇಲ್ಲೂ ಅದೇ ಕೆಲಸ, ಜೊತೆಗೆ ಒಂದು ಪ್ರಶ್ನೆ ಜಾಸ್ತಿ: ತೀರ್ಮಾನ ತೆಗೆದುಕೊಂಡ ಆ ದಿನ ಈ ಅಂಕಿ ಗೊತ್ತಿತ್ತಾ? ನಾನು ಮಾಡುವ ಪರಿಶೀಲನೆಯಲ್ಲಿ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯನ್ನೇ ಬೇರೆ ಬೇರೆ ಜಾಗದಲ್ಲಿ ಕೇಳುವುದು.

ಉದಾಹರಣೆಗೆ "ಸುಸ್ತಿ" ಅನ್ನುವ ಪದವನ್ನೇ ತೆಗೆದುಕೊಳ್ಳಿ. ಬ್ಯಾಂಕುಗಳಿಗಾಗಿ ಮಾಡಿದ ಅಂತರರಾಷ್ಟ್ರೀಯ ಬಾಸೆಲ್ ನಿಯಮಗಳಲ್ಲಿ 90 ದಿನ ಬಾಕಿ ಉಳಿದರೆ, ಇಲ್ಲವೇ ಸಾಲಗಾರ ಪೂರ್ತಿ ಕಟ್ಟಲಾರ ಎಂದು ಕಂಡರೆ ಸುಸ್ತಿ. ಆದರೆ ನಿಮ್ಮ ಮಾಡೆಲ್ ಕಟ್ಟುವಾಗ ಏನು ಮಾಡಿದ್ದಾರೆ? 85ನೇ ದಿನ ಸಾಲವನ್ನು ಹೊಸದಾಗಿ ಬರೆದುಕೊಟ್ಟು ಉಳಿಸಿಕೊಂಡವರನ್ನು "ಒಳ್ಳೆಯವರು" ಎಂದು ಹಾಕಿದ್ದಾರಾ? ಬೇರೆ ಸಂಸ್ಥೆಗೆ ಮಾರಿಬಿಟ್ಟ ಕೆಟ್ಟ ಸಾಲಗಳು ಡೇಟಾದಲ್ಲಿ ಇವೆಯೋ, ಮಾಯವಾಗಿವೆಯೋ? 2020ರಲ್ಲಿ ಎಷ್ಟೋ ದೇಶಗಳಲ್ಲಿ ಕಂತು ಮುಂದೂಡಲು ಅವಕಾಶ ಕೊಟ್ಟರು. ಆ ತಿಂಗಳುಗಳಲ್ಲಿ ಬಾಕಿ ದಿನಗಳ ಗಡಿಯಾರ ನಿಂತುಹೋಗಿತ್ತು. ಆ ಡೇಟಾವನ್ನು ಹಾಗೇ ತಿನ್ನಿಸಿದರೆ, ಕೈಯಲ್ಲಿ ಕಾಸಿಲ್ಲದವರು ಕೂಡ ಸಮಯಕ್ಕೆ ಸರಿಯಾಗಿ ಕಟ್ಟುವವರು ಎಂದು ಮಾಡೆಲ್ ಕಲಿಯುತ್ತದೆ.

ಎಣಿಕೆಯನ್ನೂ ಕೇಳಿ. ಶುರುವಿನಲ್ಲಿ 1,00,000 ಅರ್ಜಿ, ಕೊನೆಯಲ್ಲಿ ಮಾಡೆಲ್ ಕಲಿತದ್ದು 62,000ದ ಮೇಲೆ ಅಂದುಕೊಳ್ಳಿ. ನಡುವೆ 38,000 ಎಲ್ಲಿ ಹೋಯಿತು, ಯಾವ ಹಂತದಲ್ಲಿ ಎಷ್ಟು, ಯಾಕೆ? ತಾಳೆ ಹಾಕುವುದು ನಿಮಗೆ ಹೇಳಿಕೊಡಬೇಕಿಲ್ಲ. ಅದರಲ್ಲಿ ದೊಡ್ಡ ಪಾಲು ತಿರಸ್ಕಾರವಾದ ಅರ್ಜಿಗಳದ್ದಾಗಿರುತ್ತದೆ. ಅವರಿಗೆ ಸಾಲವನ್ನೇ ಕೊಟ್ಟಿಲ್ಲ, ಕಟ್ಟುತ್ತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ನಾಳೆ ಮಾಡೆಲ್ ಸ್ಕೋರ್ ಹಾಕುವುದು ಬಾಗಿಲಿಗೆ ಬಂದ ಎಲ್ಲರಿಗೂ. ತಿರಸ್ಕೃತರ ಫಲಿತಾಂಶವನ್ನು ಅಂದಾಜು ಮಾಡಿ ತುಂಬುವ ವಿಧಾನಗಳಿವೆ. ನನಗೆ ಅವುಗಳ ಮೇಲೆ ಅಂಥ ನಂಬಿಕೆ ಇಲ್ಲ. ಅಂದಾಜನ್ನೇ ಡೇಟಾ ಎಂದು ಕರೆದ ಹಾಗಾಗುತ್ತದೆ. ಅದಕ್ಕಿಂತ, ಮಾಡೆಲ್ ಯಾರನ್ನು ನೋಡಿಲ್ಲ ಎಂಬುದನ್ನು ರಿಪೋರ್ಟಿನಲ್ಲಿ ಸ್ಪಷ್ಟವಾಗಿ ಬರೆದು, ಆ ಗುಂಪಿಗೆ ಸಾಲದ ಮಿತಿ ಕಡಿಮೆ ಇಡಿ ಎಂದು ಹೇಳುವುದು ಮೇಲು.

ಇನ್ನು ಪರೀಕ್ಷೆ. ಹೆಚ್ಚಿನವರು ಡೇಟಾವನ್ನು ಇಸ್ಪೀಟು ಕಲಸಿದ ಹಾಗೆ ಕಲಸಿ, 70 ಭಾಗದಲ್ಲಿ ಕಲಿಸಿ, 30 ಭಾಗದಲ್ಲಿ ಪರೀಕ್ಷಿಸುತ್ತಾರೆ. ಕಲಸಿದಾಗ ಮಾರ್ಚ್ ತಿಂಗಳ ಒಬ್ಬ ಗ್ರಾಹಕ ಕಲಿಕೆಗೆ, ಅದೇ ಮಾರ್ಚ್‌ನ ಪಕ್ಕದವನು ಪರೀಕ್ಷೆಗೆ ಹೋಗುತ್ತಾನೆ. ನಿಜ ಜೀವನದಲ್ಲಿ ಹಾಗಿಲ್ಲ, ನಾಳೆಯ ಗ್ರಾಹಕ ನಾಳೆಯೇ ಬರುವುದು. ಅದಕ್ಕೆ ಕೊನೆಯ ಆರು ತಿಂಗಳನ್ನು ಪೂರ್ತಿ ಮುಚ್ಚಿಟ್ಟು, ಅದರ ಮೇಲೆ ಓಡಿಸಿ ತೋರಿಸಿ ಎಂದು ಕೇಳಿ. ಅಲ್ಲಿ ಅಂಕಿ ಸ್ವಲ್ಪ ಇಳಿಯುವುದು ಸಾಮಾನ್ಯ. ಧಡಕ್ಕನೆ ಬಿದ್ದರೆ ನಿಮ್ಮ ಅನುಮಾನ ಸರಿ. ಒಂದಿಷ್ಟೂ ಇಳಿಯದೆ 0.94ರಲ್ಲೇ ನಿಂತಿತು ಅಂದುಕೊಳ್ಳಿ. ಅದು ಸಮಾಧಾನಪಡುವ ವಿಷಯವಲ್ಲ. ಆ ಆರು ತಿಂಗಳಲ್ಲೂ ಅದೇ ಸೋರಿಕೆ ಇರಬಹುದು.

ಎಯುಸಿ ಹೇಳುವುದು ಸಾಲು ನಿಲ್ಲಿಸಿದ್ದು ಸರಿಯಾ ಎಂಬುದನ್ನು ಮಾತ್ರ. ಯಾರು ಮುಂದೆ, ಯಾರು ಹಿಂದೆ, ಅಷ್ಟೇ. ಮಾಡೆಲ್ ಹೇಳಿದ ಶೇಕಡಾವಾರು ನಿಜವಾ ಎಂಬುದು ಬೇರೆ ಪರೀಕ್ಷೆ. ಎಲ್ಲರ ಅಂದಾಜನ್ನೂ ಅರ್ಧಕ್ಕೆ ಇಳಿಸಿದರೂ ಎಯುಸಿ ಒಂದು ಕೂದಲೂ ಕದಲುವುದಿಲ್ಲ. ಆದರೆ ನಷ್ಟಕ್ಕೆ ತೆಗೆದಿಟ್ಟ ಹಣ ಅರ್ಧವಾಗಿರುತ್ತದೆ! ಹಾಗಾಗಿ ಹತ್ತಿರ ಹತ್ತಿರದ ಅಂದಾಜು ಬಂದವರನ್ನು ಒಂದೊಂದು ಪಟ್ಟಿಗೆ ಹಾಕಿ, ಪಟ್ಟಿ ಪಟ್ಟಿಯಾಗಿ ನೋಡಿ. ಒಂದು ಪಟ್ಟಿಯಲ್ಲಿ 1,000 ಜನ ಇದ್ದಾರೆ, ಶೇ. 2 ಸುಸ್ತಿ ಎಂದು ಮಾಡೆಲ್ ಹೇಳಿದೆ ಅಂದುಕೊಳ್ಳಿ. ಅಂದರೆ 20 ಜನ. ಆದದ್ದು 35. ಇದು ಬರೀ ಅದೃಷ್ಟದ ಏರುಪೇರಾ? 1,000 × 0.02 × 0.98, ಅಂದರೆ 19.6. ಅದರ ವರ್ಗಮೂಲ ಸುಮಾರು 4.4. ಅದೃಷ್ಟದಿಂದ ಆಗುವ ಸಾಮಾನ್ಯ ಏರುಪೇರು ಅಷ್ಟು. ನಮ್ಮ ವ್ಯತ್ಯಾಸ 15, ಅಂದರೆ ಆ 4.4ರ ಮೂರರಷ್ಟಕ್ಕಿಂತಲೂ ಜಾಸ್ತಿ. ಪುಸ್ತಕದ ಪ್ರಕಾರ ಮಾಡೆಲ್ ಫೇಲು.

ಇಲ್ಲಿ ಸ್ವಲ್ಪ ತಡೆಯಿರಿ. ಈ ಲೆಕ್ಕ ಒಬ್ಬೊಬ್ಬರೂ ತಮ್ಮ ಪಾಡಿಗೆ ಸುಸ್ತಿಯಾಗುತ್ತಾರೆ ಎಂದು ನಂಬುತ್ತದೆ. ಒಂದು ದೊಡ್ಡ ಉದ್ದಿಮೆ ಮುಚ್ಚಿದರೆ ನೂರಾರು ಜನ ಒಟ್ಟಿಗೆ ಕಂತು ತಪ್ಪಿಸುತ್ತಾರೆ. ಆಗ 35 ಅಂಥ ವಿಚಿತ್ರವಲ್ಲ. ಹೊಸದಾಗಿ ಬಂದವರು ಇಂಥ ಒಂದು ಪರೀಕ್ಷೆಯ ಕೆಂಪು ಬಣ್ಣ ನೋಡಿ ಮಾಡೆಲ್ ಕೆಟ್ಟಿದೆ ಎಂದು ಬರೆದು, ಕಟ್ಟಿದವರ ಮುಂದೆ ಪೇಚಿಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಒಂದೇ ವರ್ಷ, ಒಂದೇ ಪಟ್ಟಿಯಲ್ಲಿ ತಪ್ಪಿತಾ, ಅಥವಾ ವರ್ಷ ವರ್ಷವೂ ಎಲ್ಲ ಪಟ್ಟಿಗಳಲ್ಲೂ ಒಂದೇ ದಿಕ್ಕಿಗೆ ತಪ್ಪುತ್ತಿದೆಯಾ? ನಾನು ಎರಡನೆಯದಕ್ಕೆ ಹೆದರುತ್ತೇನೆ.

ಮಾರುಕಟ್ಟೆ ಅಪಾಯದವರು, ಅಂದರೆ ಷೇರು, ಬಾಂಡ್ ಬೆಲೆಗಳ ಏರಿಳಿತದ ನಷ್ಟ ಅಳೆಯುವವರು, ಇದಕ್ಕೊಂದು ಸರಳ ದಾರಿ ಮಾಡಿಕೊಂಡಿದ್ದಾರೆ, 1996ರ ಬಾಸೆಲ್ ತಿದ್ದುಪಡಿಯಿಂದ ಬಂದದ್ದು. ನೂರು ದಿನದಲ್ಲಿ 99 ದಿನ ನಷ್ಟ ಇಷ್ಟನ್ನು ದಾಟುವುದಿಲ್ಲ ಎಂದು ಮಾಡೆಲ್ ಹೇಳುತ್ತದೆ. 250 ವಹಿವಾಟಿನ ದಿನಗಳನ್ನು ನೋಡಿದರೆ ಎರಡೂವರೆ ಸಲ ದಾಟುವುದು ನಿರೀಕ್ಷಿತ. ನಾಲ್ಕರವರೆಗೆ ಹಸಿರು, ಐದರಿಂದ ಒಂಬತ್ತು ಹಳದಿ, ಹತ್ತು ಆದರೆ ಕೆಂಪು. ಹಳದಿಗೆ ಹೋದರೆ ಇಡಬೇಕಾದ ಬಂಡವಾಳದ ಗುಣಕ ಏರುತ್ತದೆ, 1996ರ ನಿಯಮದಲ್ಲಿ ಕೆಂಪಾದರೆ ಅದು ಮೂರರಿಂದ ನಾಲ್ಕಕ್ಕೆ ಮುಟ್ಟುತ್ತಿತ್ತು. ಇದರಲ್ಲಿ ನನಗೆ ಇಷ್ಟವಾದದ್ದು ಹಳದಿ. ತಪ್ಪು ಮಾಡೆಲ್‌ದೋ ಅದೃಷ್ಟದ್ದೋ ಹೇಳಲಾಗದ ಜಾಗವೊಂದಿದೆ ಎಂದು ನಿಯಮವೇ ಒಪ್ಪಿಕೊಂಡಿದೆ. ನಿಮ್ಮ ರಿಪೋರ್ಟಿನಲ್ಲೂ ಅಂಥ ಜಾಗ ಇಟ್ಟುಕೊಳ್ಳಿ.

ಕಾಗದದ ಮೇಲೆ ಸರಿಯಿದ್ದ ಮಾಡೆಲ್ ಸಿಸ್ಟಮ್‌ಗೆ ಇಳಿಯುವಾಗ ಕೆಡುವುದೂ ಉಂಟು. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ಕಚೇರಿಯ ಒಂದು ವಿಭಾಗ ಸುಮಾರು 620 ಕೋಟಿ ಡಾಲರ್ ಕಳೆದುಕೊಂಡಿತು. "ಲಂಡನ್ ವೇಲ್" ಎಂದು ಹೆಸರಾದ ಪ್ರಕರಣ ಅದು. ಮರುವರ್ಷ ಬ್ಯಾಂಕೇ ಹೊರತಂದ ತನಿಖಾ ವರದಿಯಲ್ಲಿ ಅವರ ಹೊಸ ಅಪಾಯದ ಮಾಡೆಲ್‌ನ ಕಥೆ ಇದೆ. ಅದು ಎಕ್ಸೆಲ್ ಹಾಳೆಗಳ ಮೇಲೆ, ಒಂದರಿಂದ ಇನ್ನೊಂದಕ್ಕೆ ಕೈಯಲ್ಲಿ ಕಾಪಿ ಪೇಸ್ಟ್ ಮಾಡುತ್ತಾ ಓಡುತ್ತಿತ್ತು. ಒಂದು ಕಡೆ ಹೊಸ ದರದಿಂದ ಹಳೆಯ ದರ ಕಳೆದು, ಎರಡರ ಸರಾಸರಿಯಿಂದ ಭಾಗಿಸಬೇಕಿತ್ತು. ಹಾಳೆ ಮೊತ್ತದಿಂದ ಭಾಗಿಸುತ್ತಿತ್ತು. ಮೊತ್ತ ಸರಾಸರಿಯ ಎರಡು ಪಟ್ಟು ತಾನೇ? ಏರಿಳಿತ ಅರ್ಧಕ್ಕೆ ಇಳಿದು ಕಂಡಿತು. ನಷ್ಟಕ್ಕೆ ಇದೊಂದೇ ಕಾರಣವಲ್ಲ, ವ್ಯಾಪಾರವೇ ಕೆಟ್ಟದಿತ್ತು. ಆದರೆ ಎಷ್ಟು ಅಪಾಯದಲ್ಲಿದ್ದೇವೆ ಎಂದು ಹೇಳಬೇಕಾದ ಅಂಕಿ ಸುಳ್ಳು ಹೇಳುತ್ತಿತ್ತು.

ಹಾಗಾಗಿ, ಪೈಥಾನ್ ಬರದಿದ್ದರೂ ಇದೊಂದು ಮಾಡಿ. ನಿಜವಾಗಿ ಸ್ಕೋರ್ ಆದ ಇಪ್ಪತ್ತು ಅರ್ಜಿ ಹಿಡಿಯಿರಿ. ಮೂಲ ಫಾರಂನಿಂದ ಒಂದೊಂದು ಕಾಲಂ ನೀವೇ ತುಂಬಿ. ಮಾಡೆಲ್ ಸರಳ ಸ್ಕೋರ್‌ಕಾರ್ಡ್, ಅಂದರೆ ಒಂದೊಂದು ಉತ್ತರಕ್ಕೆ ಇಷ್ಟಿಷ್ಟು ಅಂಕ ಕೂಡಿಸುವಂಥದ್ದು ಆಗಿದ್ದರೆ ಎಕ್ಸೆಲ್‌ನಲ್ಲೇ ಸ್ಕೋರ್ ಹಾಕಬಹುದು. ಇಲ್ಲದಿದ್ದರೆ ನೀವು ತುಂಬಿದ ಕಾಲಂಗಳನ್ನು ಕಟ್ಟಿದವರ ಮಾಡೆಲ್‌ಗೆ ಕೊಟ್ಟು ಎದುರಿಗೇ ಓಡಿಸಿ. ಸಿಸ್ಟಮ್ ಅಂದು ಕೊಟ್ಟ ಸ್ಕೋರ್‌ಗೂ ಇದಕ್ಕೂ ಹೊಂದಬೇಕು. ಹೊಂದದಿದ್ದರೆ ಮೊದಲು ಖಾಲಿ ಜಾಗಗಳನ್ನು ನೋಡಿ. ಆದಾಯ ಬರೆಯದವರಿಗೆ ಕಲಿಕೆಯ ಹೊತ್ತಿನಲ್ಲಿ ಸರಾಸರಿ ತುಂಬಿ, ಸಿಸ್ಟಮ್‌ನಲ್ಲಿ ಸೊನ್ನೆ ತುಂಬುತ್ತಿರುತ್ತಾರೆ. ನಾನು ಹಿಡಿದ ತಪ್ಪುಗಳಲ್ಲಿ ಇದರಷ್ಟು ಸಲ ಸಿಕ್ಕಿದ್ದು ಇನ್ನೊಂದಿಲ್ಲ.

ಬಳಕೆಗೆ ಬಂದ ಮೇಲಿನ ನಿಗಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿಎಸ್‌ಐ ಎಂಬ ಅಳತೆ ಎಲ್ಲರೂ ಹಾಕುತ್ತಾರೆ, ಬಂದ ಜನ ಬದಲಾದರಾ ಎಂದು ನೋಡಲು. ಮಾಡೆಲ್ ಕಟ್ಟುವಾಗ ಕಡಿಮೆ ಸ್ಕೋರಿನವರು ಶೇ. 20 ಇದ್ದು ಈಗ 35 ಆಗಿದ್ದಾರೆ, ಉಳಿದವರು 80ರಿಂದ 65 ಆಗಿದ್ದಾರೆ ಅಂದುಕೊಳ್ಳಿ. ಎರಡೇ ಭಾಗ ಮಾಡಿದರೆ ಪಿಎಸ್‌ಐ ಸುಮಾರು 0.115. ರೂಢಿಯಲ್ಲಿ 0.10 ದಾಟಿದರೆ ಗಮನಿಸಿ, 0.25 ದಾಟಿದರೆ ಎದ್ದು ನಿಲ್ಲಿ ಎನ್ನುತ್ತಾರೆ. ಈ ಗೆರೆಗಳು ಕಣ್ಣಳತೆಯವು, ವೇದವಾಕ್ಯವಲ್ಲ. ಎಷ್ಟು ಭಾಗ ಮಾಡುತ್ತೀರಿ ಎಂಬುದರ ಮೇಲೆ ಅಂಕಿಯೇ ಬದಲಾಗುತ್ತದೆ. ನಿಗಾ ರಿಪೋರ್ಟ್ ನೋಡುವಾಗ ನಾನು ಕೇಳುವುದು ಒಂದೇ: ಕಳೆದ ಸಲ ಕೆಂಪಾದಾಗ ಯಾರು ಏನು ಮಾಡಿದರು?

ಈಗ ನಿಮ್ಮ ಎರಡನೇ ಮಾಡೆಲ್. ಅದಕ್ಕೆ ಸಾಲದ ಮಾಡೆಲ್‌ನ ಬುದ್ಧಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಸಾಲದಲ್ಲಿ ಒಂದು ವರ್ಷ ಕಾದರೆ ಸತ್ಯ ತಾನಾಗಿ ಗೊತ್ತಾಗುತ್ತದೆ, ಕಟ್ಟಿದರೋ ಇಲ್ಲವೋ. ಅಕ್ರಮ ಹಣದ ವಿಷಯದಲ್ಲಿ ಸತ್ಯ ಬಾಗಿಲು ತಟ್ಟುವುದಿಲ್ಲ. ಹಿಡಿಯದೆ ಬಿಟ್ಟದ್ದು ಬಿಟ್ಟೇ ಹೋಯಿತು. ಮಾಡೆಲ್‌ಗೆ ಕಲಿಸಲು ಕೊಟ್ಟ "ಅನುಮಾನದ್ದು" ಎಂಬ ಗುರುತು, ಹಿಂದೆ ಯಾರೋ ತನಿಖೆ ಮಾಡಿ ಹಾಕಿದ ಗುರುತು. ಅವರು ನಗದು ವ್ಯವಹಾರವನ್ನೇ ಜಾಸ್ತಿ ನೋಡುತ್ತಿದ್ದರೆ ಮಾಡೆಲ್ ಕೂಡ ನಗದನ್ನೇ ನೋಡುತ್ತದೆ. ಹಳೆಯ ತನಿಖಾಧಿಕಾರಿಯ ಕಣ್ಣನ್ನೇ ಇಸ್ಕೊಂಡು ಹೊಸದೇನೋ ಕಂಡೆ ಎನ್ನುತ್ತದೆ.

ಅಂಕಿಗಳೂ ಮೋಸ ಮಾಡುತ್ತವೆ. 1,00,000 ವಹಿವಾಟಿನಲ್ಲಿ 100 ಕೆಟ್ಟವು ಎಂದಿಟ್ಟುಕೊಳ್ಳಿ. ಮಾಡೆಲ್ ಅವುಗಳಲ್ಲಿ 90 ಹಿಡಿಯುತ್ತದೆ. ಒಳ್ಳೆಯ 99,900ರಲ್ಲಿ ಬರೀ ಶೇ. 2ರಷ್ಟನ್ನು ತಪ್ಪಾಗಿ ಹಿಡಿಯುತ್ತದೆ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆ ಶೇ. 2 ಅಂದರೆ 1,998. ಒಟ್ಟು 2,088 ಅಲರ್ಟ್‌ನಲ್ಲಿ ನಿಜವಾದದ್ದು 90, ಅಂದರೆ ನೂರಕ್ಕೆ ನಾಲ್ಕು ಚಿಲ್ಲರೆ. ಒಬ್ಬರು ದಿನಕ್ಕೆ 30 ನೋಡಿದರೆ ಸುಮಾರು 70 ದಿನದ ಕೆಲಸ. ಮೂರನೇ ವಾರಕ್ಕೆ ಆ ಮನುಷ್ಯ ಓದದೆ "ಮುಚ್ಚಲಾಗಿದೆ" ಒತ್ತಲು ಶುರು ಮಾಡುತ್ತಾನೆ. ಅದಕ್ಕೇ ಮಾಡೆಲ್ ಒಂದನ್ನೇ ಪರಿಶೀಲಿಸಬೇಡಿ, ಅದರ ಮುಂದೆ ಕೂತವರನ್ನೂ ನೋಡಿ. ಅಲರ್ಟ್ ಮುಚ್ಚಿದ ಸಮಯಗಳನ್ನು ತರಿಸಿ. ಒಂದೊಂದಕ್ಕೆ ಹನ್ನೊಂದು ಸೆಕೆಂಡ್‌ನಂತೆ ಸಾಲಾಗಿ ನಲವತ್ತು ಮುಚ್ಚಿದ್ದರೆ ವಿಷಯ ನಿಮಗೆ ಅರ್ಥವಾಯಿತು.

ಕಟ್-ಆಫ್ ಸರಿಯಿದೆಯಾ ಎಂದು ನೋಡಲು ಒಂದು ಒಳ್ಳೆಯ ದಾರಿ ಇದೆ. 80ಕ್ಕಿಂತ ಮೇಲಿನ ಸ್ಕೋರ್‌ಗೆ ಅಲರ್ಟ್ ಬರುತ್ತದೆ ಅಂದುಕೊಳ್ಳಿ. 70ರಿಂದ 79ರ ನಡುವಿನ ಒಂದಷ್ಟು ವಹಿವಾಟು ಆರಿಸಿ. ಅವನ್ನು 80ರ ಮೇಲಿನವುಗಳ ಜೊತೆ ಕಲಸಿ, ಸ್ಕೋರ್ ಮುಚ್ಚಿ ಅನುಭವಿ ತನಿಖಾಧಿಕಾರಿಗೆ ಕೊಡಿ. ಸ್ಕೋರ್ ಕಂಡರೆ ಕೆಲಸ ಕೆಟ್ಟಿತು, ಗೆರೆಯ ಕೆಳಗಿನದು ಎಂದು ಗೊತ್ತಾದ ಕೂಡಲೇ ಎಲ್ಲವೂ ಒಳ್ಳೆಯದಾಗೇ ಕಾಣುತ್ತದೆ. ಕೆಳಗಿನವುಗಳಲ್ಲಿ ನಿಜವಾದ ಅನುಮಾನದವು ಸಿಕ್ಕರೆ ಗೆರೆ ಇಳಿಸಬೇಕು. ಗೆರೆಯ ಮೇಲಿನ ಹತ್ತಿರದವುಗಳಲ್ಲಿ ಒಂದೂ ಸಿಗದಿದ್ದರೆ ಏರಿಸುವ ಬಗ್ಗೆ ಮಾತಾಡಬಹುದು. "ಅಲರ್ಟ್ ಜಾಸ್ತಿ ಆಯಿತು, ಅದಕ್ಕೆ 80ರಿಂದ 85 ಮಾಡಿದೆವು" ಎಂಬ ವಿವರಣೆ ಮಾತ್ರ ಸಿಕ್ಕರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ನಿರ್ಬಂಧಿತರ, ಅಂದರೆ ವ್ಯವಹಾರ ಮಾಡಬಾರದೆಂದು ಹೆಸರಿಸಿದವರ ಪಟ್ಟಿಗೆ ಹೆಸರು ಹೋಲಿಸುವ ಭಾಗ ಇದ್ದರೆ ನೀವೇ ಬಲೆ ಬೀಸಿ. ಪಟ್ಟಿಯಲ್ಲಿರುವ ಹೆಸರುಗಳನ್ನೇ ತೆಗೆದುಕೊಂಡು ಒಂದು ಅಕ್ಷರ ಬದಲಿಸಿ, ನಡುವಿನ ಹೆಸರು ಬಿಟ್ಟು, ಮೊದಲನೆಯದು ಕೊನೆಗೆ ಹಾಕಿ, ಎರಡು ಪದ ಅಂಟಿಸಿ ಪರೀಕ್ಷಾ ಸಿಸ್ಟಮ್‌ಗೆ ಕಳಿಸಿ. ಮೊಹಮದ್, ಮುಹಮ್ಮದ್, ಮೊಹಮ್ಮೆದ್, ಎಲ್ಲವೂ ಒಬ್ಬನೇ ಆಗಿರಬಹುದು. ನಾನು ಹೀಗೆ ಪರೀಕ್ಷಿಸಿದ ಒಂದು ಕಡೆ ಹೋಲಿಸುವ ಲೆಕ್ಕ ಚೆನ್ನಾಗೇ ಇತ್ತು. ಆದರೆ ಉದ್ದದ ಹೆಸರುಗಳು ಒಂದೂ ಸಿಗುತ್ತಿರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಡೇಟಾ ಸಾಗಿಸುವ ದಾರಿಯಲ್ಲಿ ಒಂದು ಹಳೆಯ ಪ್ರೋಗ್ರಾಂ ಮೂವತ್ತನೇ ಅಕ್ಷರಕ್ಕೆ ಹೆಸರನ್ನು ಕತ್ತರಿಸುತ್ತಿತ್ತು. ಮಾಡೆಲ್ ದಾಖಲೆಯ ನೂರಿಪ್ಪತ್ತು ಪುಟದಲ್ಲಿ ಆ ಪ್ರೋಗ್ರಾಂ ಹೆಸರೇ ಇರಲಿಲ್ಲ.

ತಾರತಮ್ಯದ ಪ್ರಶ್ನೆಗೆ "ಲಿಂಗದ ಕಾಲಂ ನಾವು ಬಳಸಿಯೇ ಇಲ್ಲ" ಎಂಬ ಉತ್ತರ ಬರುತ್ತದೆ. ಒಪ್ಪಬೇಡಿ. ಉಳಿದ ಕಾಲಂಗಳಿಂದ ಲಿಂಗವನ್ನು ಊಹಿಸಲು ಸಾಧ್ಯವಾ ಎಂದು ಓಡಿಸಿ ನೋಡಲು ಹೇಳಿ. ಚೆನ್ನಾಗಿ ಊಹಿಸಿದರೆ ಕಾಲಂ ಹೋಗಿಲ್ಲ, ವೇಷ ಹಾಕಿಕೊಂಡಿದೆ ಅಷ್ಟೇ. ಜೊತೆಗೆ, ಯಾವ ಅಳತೆಯಲ್ಲಿ ನ್ಯಾಯ ಎಂದು ಮೊದಲೇ ಬರೆಸಿಕೊಳ್ಳಿ. ಆರೋಪಿ ಮತ್ತೆ ಅಪರಾಧ ಮಾಡುತ್ತಾನಾ ಎಂದು ಅಂದಾಜಿಸಲು ಅಮೆರಿಕದ ಕೋರ್ಟುಗಳಲ್ಲಿ ಬಳಸುತ್ತಿದ್ದ ಕಂಪಾಸ್ ಎಂಬ ಸ್ಕೋರ್ ಬಗ್ಗೆ 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿ ಸಂಸ್ಥೆ ಬರೆದಾಗ ಜಗಳವಾಗಿದ್ದು ಇದೇ ವಿಷಯಕ್ಕೆ. ಮತ್ತೆ ಅಪರಾಧ ಮಾಡದ ಕಪ್ಪು ಜನರನ್ನು ಅಪಾಯಕಾರಿ ಎಂದು ಗುರುತಿಸಿದ್ದು ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಎಂದು ಆ ಸುದ್ದಿ ಸಂಸ್ಥೆಯವರು ತೋರಿಸಿದರು. ಒಂದೇ ಸ್ಕೋರ್ ಬಂದವರಲ್ಲಿ ಎರಡೂ ಗುಂಪಿನವರು ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿ ಮತ್ತೆ ಸಿಕ್ಕಿಬೀಳುತ್ತಾರೆ ಎಂದು ತಯಾರಕರು ತೋರಿಸಿದರು. ಎರಡು ಗುಂಪುಗಳ ಮೂಲ ಪ್ರಮಾಣವೇ ಬೇರೆ ಇದ್ದಾಗ ಎರಡೂ ಅಳತೆ ಒಟ್ಟಿಗೆ ಸರಿಹೋಗುವುದಿಲ್ಲ, ಅದು ಗಣಿತ. ಆಯ್ಕೆ ಮಾಡಬೇಕಾದವರು ಆಡಳಿತದವರು. ಆಯ್ಕೆ ಆಗಿದೆಯಾ, ಯಾರು ಸಹಿ ಹಾಕಿದ್ದಾರೆ ಎಂದು ನೋಡುವುದು ನಿಮ್ಮ ಕೆಲಸ.

ಹೊರಗಿನಿಂದ ಕೊಂಡ ಮಾಡೆಲ್ ಆದರೆ "ಒಳಗಿನದು ವ್ಯಾಪಾರ ರಹಸ್ಯ" ಎನ್ನುತ್ತಾರೆ. ಇರಲಿ. ನಿಮ್ಮ ಗ್ರಾಹಕರ ಮೇಲೆ ಅದು ಹೇಗೆ ಓಡಿತು ಎಂಬುದು ರಹಸ್ಯವಲ್ಲ, ಅದನ್ನು ಅಳೆಯಿರಿ.

ನಿಯಮದ ಆಸರೆ ಬೇಕಾದಾಗ ಎರಡು ಕಾಗದ ಓದಿಕೊಳ್ಳಿ. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಬ್ಯಾಂಕ್ ನಿಯಂತ್ರಕರಾದ ಫೆಡರಲ್ ರಿಸರ್ವ್ ಮತ್ತು ಓಸಿಸಿ ಹೊರಡಿಸಿದ ಎಸ್‌ಆರ್ 11-7 ಒಂದು. ಬ್ರಿಟನ್ನಿನ ಬ್ಯಾಂಕ್ ನಿಯಂತ್ರಕ ಪಿಆರ್‌ಎ ತಂದ, 2024ರ ಮೇ 17ರಿಂದ ಜಾರಿಗೆ ಬಂದ ಎಸ್‌ಎಸ್ 1/23 ಇನ್ನೊಂದು. ಮೊದಲನೆಯದು ಪರಿಶೀಲನೆಯನ್ನು ಮೂರು ಭಾಗ ಮಾಡಿತ್ತು: ಆಲೋಚನೆ ಸರಿಯಿದೆಯಾ, ಬಳಕೆಯಲ್ಲಿ ನಿಗಾ ಇದೆಯಾ, ಹೇಳಿದ್ದಕ್ಕೂ ಆದದ್ದಕ್ಕೂ ತಾಳೆಯಾಯಿತಾ. ಮಾಡೆಲ್‌ಗೆ ಸವಾಲು ಹಾಕುವವರಿಗೆ ಹಾಗೆ ಮಾಡಲು ಕಾರಣ ಇರಬೇಕು, ತಿಳುವಳಿಕೆ ಇರಬೇಕು, ಅವರ ಮಾತು ನಡೆಯಬೇಕು ಎಂದೂ ಹೇಳಿತ್ತು. ಹೆಚ್ಚಿನ ಕಡೆ ಕಾರಣ, ತಿಳುವಳಿಕೆ ಎರಡೂ ಇರುತ್ತವೆ, ಮಾತು ನಡೆಯುವುದಕ್ಕೇ ಬರ. "ಇನ್ನೇನು ನೋಡುತ್ತೀರಿ" ಎಂದು ನಿಮ್ಮನ್ನು ಕೇಳಿದ್ದಾರಲ್ಲ, ನಿಮ್ಮ ಮಾತಿಗೆ ಅಲ್ಲಿ ಎಷ್ಟು ಬೆಲೆ ಎಂದು ಅದರಲ್ಲೇ ಗೊತ್ತಾಗುತ್ತದೆ.

ರಿಪೋರ್ಟಿನ ಬಗ್ಗೆ ಕೇಳಿದಿರಿ. "ಡೇಟಾ ಗುಣಮಟ್ಟ ಸುಧಾರಿಸಬೇಕು" ಎಂದು ಬರೆದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ನಾನು ಆ ಫೋನ್ ನಂಬರ್ ವಿಷಯವನ್ನು ಬರೆದದ್ದು ಹೀಗೆ: "ಈ ಕಾಲಂ ಅರ್ಜಿಯ ದಿನದ ನಂತರ ವಸೂಲಿ ತಂಡದಿಂದ ತುಂಬಿದೆ. ಆಧಾರ, ಲಗತ್ತಿಸಿದ 20 ಕಡತ. ತೆಗೆದರೆ ಎಯುಸಿ 0.93ರಿಂದ 0.77. ಮಾಡೆಲ್ ಮತ್ತೆ ಕಟ್ಟುವವರೆಗೆ ತಾನಾಗಿ ಮಂಜೂರು ಮಾಡಲು ಈ ಸ್ಕೋರ್ ಬಳಸಬಾರದು. ಅಧಿಕಾರಿ ನೋಡುವ ಅರ್ಜಿಗಳಲ್ಲಿ ಸಲಹೆಯಾಗಿ ಇರಬಹುದು." ಕೆಳಗೆ ಹೊಣೆ ಹೊತ್ತವರ ಹುದ್ದೆ, ಗಡುವು. ಅಷ್ಟೇ. ರಿಪೋರ್ಟ್ ಹೋಗುವ ಹಿಂದಿನ ದಿನವೇ ಮಾಡೆಲ್ ಕಟ್ಟಿದ ಹುಡುಗನನ್ನು ಕರೆದು ತೋರಿಸಿದೆ. ಅವನು ಅರ್ಧ ಗಂಟೆ ವಾದ ಮಾಡಿ, ಆಮೇಲೆ ಸುಮ್ಮನಾಗಿ, ಇಂಥದ್ದೇ ಇನ್ನೊಂದು ಕಾಲಂ ತಾನೇ ಹುಡುಕಿಕೊಟ್ಟ.

ನೀವು ಸೋಮವಾರ ಒಂದು ಮೇಲ್ ಹಾಕಿ. ಮಾಡೆಲ್‌ನಲ್ಲಿ ಅತಿ ಹೆಚ್ಚು ತೂಕ ಪಡೆದ ಹತ್ತು ಕಾಲಂ ಕೇಳಿ. ಪ್ರತಿಯೊಂದರ ಮುಂದೆ ಮೂರು ಖಾನೆ ಬಿಡಿ: ಯಾರು ತುಂಬುತ್ತಾರೆ, ಯಾವ ದಿನ ತುಂಬುತ್ತಾರೆ, ಆಮೇಲೆ ಬದಲಾಗುತ್ತದಾ. ಕೆಲವು ಸಾಲು ತುಂಬಿ ಬರುತ್ತವೆ, ಕೆಲವು ಖಾಲಿ ಬರುತ್ತವೆ. ನಾನು ಹಿಡಿಯಲು ಹೇಳಿದ ಆ ಇಪ್ಪತ್ತು ಅರ್ಜಿಗಳ ಕಡತಗಳನ್ನು ಖಾಲಿ ಬಂದ ಸಾಲುಗಳಿಗಾಗಿ ಮೊದಲು ತೆರೆಯಿರಿ.